ಅಂಜಿಕೆ ಹೇಳಿ ನೀರು ಕುಡಿ

ಆಂಟಿಯ ಕೊರಳಲ್ಲಿ ಮಂಗಳಸೂತ್ರದ ಜೊತೆಗೇ ಕಿತ್ತಳೆ ಬಣ್ಣದ ಒಂದು ಪ್ಲಾಸ್ಟಿಕ್ ಸೀಟಿ ನೇತಾಡುತ್ತಿತ್ತು. ಹಿಮದಲ್ಲಿ ನಾಲ್ಕು ಪದರ ಬಟ್ಟೆಯ ಮೇಲೆ, ಸಮುದ್ರದಲ್ಲಿ ಒದ್ದೆ ಚೂಡಿದಾರದ ಮೇಲೆ, ಅದು ಇದ್ದೇ ಇರಬೇಕು. ಎರಡು ಸಲ ಊದಿದರೆ ಯಾರು ಎಲ್ಲಿದ್ದರೂ ಓಡಿ ಬರಬೇಕು. ಪಿಎಚ್‌ಡಿ ಮಾಡಿದವರು, ಕಂಪನಿ ನಡೆಸುವವರು, ಎಲ್ಲರೂ ಬಾಯಿ ಮುಚ್ಚಿಕೊಂಡು ಬಂದು ನಿಲ್ಲುತ್ತಿದ್ದರು.

ಹುಬ್ಬಳ್ಳಿಯವರು. ಅಮೆರಿಕದ ಟೆಕ್ಸಸ್ಸಿನಲ್ಲಿ, ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ ಮನೆ, ಅಂಕಲ್ ಜೊತೆ ಟೈಲ್ಸ್ ವ್ಯಾಪಾರ. ವರ್ಷಕ್ಕೆ ಎರಡು ಸಲ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಕಡೆಯ ಏಳೆಂಟು ಕನ್ನಡ ಸಂಸಾರಗಳನ್ನು ಎಬ್ಬಿಸಿ ಹೊರಡಿಸುತ್ತಿದ್ದರು. ಚಳಿಗಾಲದಲ್ಲಿ ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಬೆಟ್ಟ, ಬೇಸಿಗೆಯಲ್ಲಿ ನಮ್ಮದೇ ಟೆಕ್ಸಸ್ಸಿನ ಕಡಲತೀರ. “ಮನ್ಯಾಗ ಕುಂತು ಬಿಸಿಬ್ಯಾಳಿ ತಿನ್ನಾಕ ಇಷ್ಟು ದೂರ ಬಂದೀರೇನ್ರಿ? ಹೊರಗ ಬರ್ರಿ!” ಎಂದು ಫೋನಿನಲ್ಲೇ ಗದರುತ್ತಿದ್ದರು.

ನಾನೋ, ಆಸ್ಟಿನ್ ಪಕ್ಕದ ಸೀಡರ್ ಪಾರ್ಕಿನಲ್ಲಿರುವ ಹುಟ್ಟು ಪುಕ್ಕಲಿ. ಹೈವೇಗೆ ಕಾರು ಹತ್ತಿಸುವಾಗ ಕೈ ಬೆವರುತ್ತದೆ. ಮಗಳು ಕೆಮ್ಮಿದರೆ ನನಗೆ ನಿದ್ದೆಯಿಲ್ಲ. ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡ ಮೇಲೆ ಹುಟ್ಟಿದವಳು ಅವಳು. ನಮ್ಮ ಯಜಮಾನರಿಗೆ ಹಿಮದ ಹುಚ್ಚು, ಹಾಗಾಗಿ ನಾವೂ ಆ ಗುಂಪಿಗೆ ಸೇರಿಕೊಂಡೆವು.

ಆಂಟಿಯ ಟ್ರಿಪ್ಪಿನಲ್ಲಿ ಒಂದು ಪದ್ಧತಿಯಿತ್ತು. ಬೆಳಿಗ್ಗೆ ಹೊರಡುವ ಮುಂಚೆ ಎಲ್ಲರೂ ಕೈಯಲ್ಲಿ ಸ್ಟೀಲ್ ಲೋಟ ಹಿಡಿದು ಸುತ್ತ ನಿಲ್ಲಬೇಕು. ಒಬ್ಬೊಬ್ಬರೂ ಅವತ್ತಿನ ತಮ್ಮ ಹೆದರಿಕೆ ಏನೆಂದು ಹೇಳಬೇಕು, ಹೇಳಿ ನೀರನ್ನು ಪೂರ್ತಿ ಕುಡಿಯಬೇಕು. “ಅಂಜಿಕಿ ಆದ್ರ ಅಂಜ್ರಿ, ಯಾರು ಬ್ಯಾಡ ಅಂದಾರ? ಆದ್ರ ಬಾಯಿ ಬಿಟ್ಟು ಹೇಳ್ರಿ. ಆಮ್ಯಾಲ ನೀರು ಕುಡೀರಿ.” ನೀರಿಗೂ ಕಾರಣವಿತ್ತು. ಅಷ್ಟು ಎತ್ತರದ ಬೆಟ್ಟ, ನಾವೆಲ್ಲ ಬಯಲಿನವರು, ನೀರು ಕಡಿಮೆಯಾದರೆ ತಲೆ ಸಿಡಿದು ವಾಂತಿ ಶುರು. ಹ್ಯೂಸ್ಟನ್ನಿನ ಗಡ್ಡದ ಅಂಕಲ್ ಒಬ್ಬರು ಒಮ್ಮೆ, “ಬೆಟ್ಟ ಹತ್ತಿಸೋ ಲಿಫ್ಟಿನ ತೂಗುಕುರ್ಚಿ ಮೇಲೆ ಪ್ಯಾಂಟು ಜಾರಿಬಿಟ್ಟರೆ ಅಂತ ಭಯ” ಎಂದು ಗಂಭೀರವಾಗಿ ಹೇಳಿ ಲೋಟ ಎತ್ತಿದಾಗ ನಗು ತಡೆಯಲಾಗಲಿಲ್ಲ.

ಎರಡನೇ ವರ್ಷ, ಮಗಳಿಗೆ ಆರು ತುಂಬಿತ್ತು. ಅವಳು ಮೊದಲ ಸಲ ಸ್ಕೀ ಕಲಿಯುವ ದಿನವೇ ಸಂಕಷ್ಟಿ ಬಂತು. ಅವಳು ಹುಟ್ಟಿದಂದಿನಿಂದ ನಾನು ಸಂಕಷ್ಟಿ ಮಾಡುತ್ತಿದ್ದೆ, ಚಂದ್ರನನ್ನು ನೋಡುವ ತನಕ ಒಂದು ಹನಿ ನೀರೂ ಇಲ್ಲದೆ. ಯಾರೂ ಹೇಳಿದ್ದಲ್ಲ, ನಾನೇ ಹಾಕಿಕೊಂಡ ಕಟ್ಟು. ಮಗು ಹಿಮದ ಮೇಲೆ ಜಾರುವ ದಿನವೇ ಅದನ್ನು ಮುರಿದು ಅವಳಿಗೇನಾದರೂ ಆದರೆ? ಅವತ್ತು ನನ್ನ ಸರದಿ ಬಂದಾಗ, “ನಂಗೇನಿಲ್ಲ ಆಂಟಿ” ಎಂದೆ. ಲೋಟ ತೊಳೆಯುವವಳಂತೆ ಹೋಗಿ ನೀರನ್ನು ಸಿಂಕಿಗೆ ಸುರಿದುಬಿಟ್ಟೆ.

ಮಧ್ಯಾಹ್ನದ ಹೊತ್ತಿಗೆ ತಲೆಯಲ್ಲಿ ಸುತ್ತಿಗೆ. ಉಪವಾಸದ ಪಿತ್ತ ಇರಬೇಕೆಂದು ತಡೆದುಕೊಂಡು ಮಕ್ಕಳ ಇಳಿಜಾರಿನ ಬುಡದಲ್ಲಿ ನಿಂತೆ. ಟೀಚರ್ ಮೇಲಿನಿಂದ ಕೈಬೀಸಿದರು. ಮಗಳು “ಅಮ್ಮಾ, ಕ್ಯಾಚ್ ಮೀ!” ಎಂದು ಕೂಗುತ್ತ ಜಾರಿಕೊಂಡು ಬಂದಳು. ನನಗೆ ಇಬ್ಬರು ಮಕ್ಕಳು ಕಂಡರು. ಯಾರನ್ನು ಹಿಡಿಯಲಿ? ಕೈಚಾಚಿದವಳು ಹಾಗೇ ಮೊಣಕಾಲೂರಿ ಕುಸಿದೆ. ಅವಳು ನನ್ನನ್ನು ದಾಟಿ ಕಾರುಗಳು ಓಡಾಡುವ ಕಡೆಗೆ ಜಾರಿಹೋದಳು. ಕೂಗೋಣವೆಂದರೆ ಗಂಟಲಲ್ಲಿ ಪಸೆಯಿಲ್ಲ, ದನಿಯೇ ಹೊರಡಲಿಲ್ಲ.

ಆಗ ಸೀಟಿ ಕೇಳಿಸಿತು. ಐವತ್ತೈದು ದಾಟಿದ ಹೆಂಗಸು, ಆ ಭಾರದ ಬೂಟು ಹಾಕಿಕೊಂಡು ಅದು ಹೇಗೆ ಓಡಿದರೋ! ಮಗಳ ಜಾಕೆಟ್ಟಿನ ಟೊಪ್ಪಿಗೆ ಹಿಡಿದು ಎಳೆದರು, ಇಬ್ಬರೂ ಹಿಮದಲ್ಲಿ ಉರುಳಿದರು. ಮಗಳು ನಗುತ್ತಿದ್ದಳು. 

ಒಳಗೆ ಕೂರಿಸಿ ಯಾರೋ ಆಕ್ಸಿಜನ್ ಹಿಡಿದರು. ಆಂಟಿ ಎದುರಿಗೆ ಕೂತರು. “ಮುಂಜಾನೆ ನೀ ಸಿಂಕಿಗೆ ನೀರು ಚೆಲ್ಲಿದ್ದು ನೋಡೇನಿ. ಆವಾಗ ಕೇಳ್ಲಿಲ್ಲ, ನಂದೂ ತಪ್ಪೈತಿ. ಈಗ ಹೇಳವಾ.” ನಾನು ಬಿಕ್ಕಿ ಬಿಕ್ಕಿ ಅತ್ತು ಎಲ್ಲವನ್ನೂ ಹೇಳಿದೆ. ಹೇಳಿದೆನೇ ಹೊರತು, ಲೋಟ ಮುಂದೆ ಹಿಡಿದಾಗ ಬಾಯಿ ತೆರೆಯಲಿಲ್ಲ. ಅವಳಿಗೇನಾದರೂ ಆಗುತ್ತದೆ ಆಂಟಿ, ಬೇಡ, ಎಂದೇ ಹಟ ಹಿಡಿದೆ.

ಅವರು ಬೈಯಲಿಲ್ಲ, ಮೂಢನಂಬಿಕೆ ಅನ್ನಲಿಲ್ಲ. “ಹಂಗಾದ್ರ ಉಳದ ಉಪಾಸ ನನಗ ಕೊಡು” ಎಂದರು. “ಚಂದ್ರ ಬರೂತನಕ ನಿನ್ನ ಬದ್ಲಿ ನಾ ಇರ್ತೀನಿ. ನೀರು ಮಾತ್ರ ಕುಡೀತೀನಿ, ಅದಕ್ಕ ಗಣಪ್ಪ ಏನೂ ಅನ್ನಂಗಿಲ್ಲ. ಅಂದ್ರ ಅವಂಗ ನಾ ಉತ್ತರಾ ಕೊಡ್ತೀನಿ. ನಿನ್ನ ಮಗಳಿಗೆ ಯಾರು ಕೊಡಬೇಕು?”

ನಾನು ಕುಡಿದೆ.

ಅವತ್ತು ರಾತ್ರಿ ಎಲ್ಲರೂ ಬಿಸಿಬಿಸಿ ಚಿತ್ರಾನ್ನ ತಿನ್ನುತ್ತಿದ್ದರೆ ಆಂಟಿ ಮರದ ಜಗುಲಿಯಲ್ಲಿ ಶಾಲು ಹೊದ್ದು ಕಾಯುತ್ತಿದ್ದರು. ಬೆಟ್ಟ ಅಡ್ಡವಿತ್ತು, ಚಂದ್ರ ಬೇಗ ಕಾಣಿಸಲಿಲ್ಲ. ಒಳಗೆ ಬಾ ಎಂದು ಅವರ ಯಜಮಾನರು ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಹಿಮದ ಮೇಲೇ ಅರ್ಘ್ಯ ಬಿಟ್ಟು ಬಂದು, “ಮುಗೀತವಾ. ನಿನ್ನ ಮಗಳು ಗೊರಕಿ ಹೊಡ್ಯಾಕತ್ಯಾಳ, ಹೋಗಿ ನೋಡು” ಎಂದು ತಟ್ಟೆ ಹಾಕಿಕೊಂಡರು.

ಆಮೇಲೆ ಒಂದು ಟ್ರಿಪ್ಪನ್ನೂ ನಾವು ತಪ್ಪಿಸಲಿಲ್ಲ. ಮೂರು ವರ್ಷ ಕಳೆದು, ಪೋರ್ಟ್ ಅರಾನ್ಸಸ್ಸಿನ ಕಡಲ ದಂಡೆಯ ಬಾಡಿಗೆ ಮನೆ. ಸುತ್ತ ನಿಂತಾಗ ಆಂಟಿಯದು ಯಾವಾಗಲೂ ಕೊನೆಯ ಸರದಿ. “ನೀವೆಲ್ಲಾ ನೀರಿಗೆ ಇಳೀತೀರಲ್ಲ, ಅದ ನನ್ನ ಅಂಜಿಕಿ” ಎನ್ನುವುದು ವಾಡಿಕೆ. ಅವತ್ತು, “ನಂದೇನಿಲ್ಲ” ಎಂದರು.  ಆ ಮಾತು ನನಗೆ ಗೊತ್ತಿದ್ದ ಮಾತು.

ಅವರ ಹಿಂದೆಯೇ ಅಡುಗೆಮನೆಗೆ ಹೋದೆ. ಲೋಟದಲ್ಲಿ ನೀರು ಹಾಗೇ ಇತ್ತು. “ಆಂಟಿ, ನಾನೂ ಹೀಗೇ ಅಂದಿದ್ದೆ” ಎಂದೆ. ಅವರು ಕಿಟಕಿಯಾಚೆ ಅಲೆಗಳನ್ನು ನೋಡುತ್ತ ನಿಂತರು. “ಹೊಟ್ಟ್ಯಾಗ ಗಂಟೈತಂತ. ಬರೂ ವಾರ ಆಪರೇಷನ್. ಮಂದೀ ಟ್ರಿಪ್ ಕೆಡಸಬಾರ್ದು ಅಂತ ಸುಮ್ನಿದ್ದೆ.” ನನ್ನ ಕಡೆ ತಿರುಗಿ, “ಭಾಳ ಅಂಜಿಕಿ ಆಗೇತಿ ತಂಗಿ” ಎಂದರು. ಲೋಟ ಕೈಗೆ ಕೊಟ್ಟೆ, ಪೂರ್ತಿ ಕುಡಿದರು. ಅವತ್ತು ಎಲ್ಲರಿಗಿಂತ ಮೊದಲು ಸಮುದ್ರಕ್ಕೆ ಇಳಿದವರೂ ಅವರೇ.

ಆಪರೇಷನ್ನಿನಿಂದ ಆಂಟಿಗೆ ಗುಣವಾಗಲಿಲ್ಲ. ಮುಂದಿನ ಚಳಿಗಾಲ ಯಾರೂ ಬೆಟ್ಟಕ್ಕೆ ಹೋಗಲಿಲ್ಲ. ನಾನು ಒಬ್ಬಳೇ, ಕೈ ಬೆವರುತ್ತಿದ್ದರೂ, ಹೈವೇ ಹಿಡಿದು ಫ್ರಿಸ್ಕೋಗೆ ಹೋದೆ. ನಡುಮನೆಯಲ್ಲೇ ಅವರಿಗೆ ಮಂಚ ಹಾಕಿದ್ದರು. ಸೀಟಿ ಮಂಚದ ಸರಳಿಗೆ ಕಟ್ಟಿತ್ತು. ನನ್ನನ್ನು ಕಂಡವರೇ, “ನನ್ನ ಸಲುವಾಗಿ ಉಪಾಸ ಗಿಪಾಸ ಹಿಡದಿ ಏನು?” ಎಂದು ಕಣ್ಣು ಕಿರಿದು ಮಾಡಿದರು. ಹಿಡಿದಿದ್ದೆ. ತಲೆ ತಗ್ಗಿಸಿದೆ.

“ಅಂಜಿಕಿ ಹೇಳು.”

“ನೀವು ಹೋಗಿಬಿಡ್ತೀರ ಅಂತ.”

“ನನಗೂ ಅದ ಐತಿ” ಎಂದು ಪಕ್ಕದ ಲೋಟದ ಕಡೆ ಕಣ್ಣು ಹೊರಳಿಸಿದರು. “ಇಬ್ರೂ ಹೇಳಿದ್ವಲ್ಲ? ಈಗ ಕುಡಿ.”

ನಾನು ಅರ್ಧ ಕುಡಿದೆ. ಉಳಿದರ್ಧವನ್ನು ಚಮಚದಲ್ಲಿ ಅವರ ತುಟಿಗೆ ಹಿಡಿದೆ. ಒಂದು ಹನಿಯೂ ಚೆಲ್ಲದ ಹಾಗೆ ಕುಡಿದರು.