ಅರದ ತಾತನ ಮುಚ್ಚಿದ ಬಾಗಿಲು

ಮೊನ್ನೆ ನಮ್ಮ ಅಡುಗೆಮನೆಯ ಹೊಸ ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಗಾರೆಯವರು ಆಸಿಡ್ ಸುರಿದರು. ಘಾಟು ಮೂಗಿಗೆ ಬಡಿದದ್ದೇ ತಡ, ಚಳ್ಳಕೆರೆಯ ಹಳೆಯ ಬಾಡಿಗೆ ಮನೆ, ಅದರ ಪಕ್ಕದಲ್ಲಿದ್ದ ಅರದ ತಾತ ನೆನಪಾದರು...

ನನ್ನ ಗಂಡನದು ಬಡಗಿ ಕೆಲಸ. ಮರ, ಕಬ್ಬಿಣ ಉಜ್ಜುವ ಅರಗಳು ಸವೆದು ನುಣ್ಣಗಾದರೆ ಊರಿನ ಬಡಗಿಗಳು, ವೆಲ್ಡಿಂಗ್‌ನವರು ಎಲ್ಲರೂ ತಾತನಿಗೇ ಕೊಡುತ್ತಿದ್ದರು. ಮರುದಿನ ಮುಟ್ಟಿದರೆ ಅರದ ಹಲ್ಲು ಬೆರಳಿಗೆ ಕಚ್ಚುತ್ತಿತ್ತು. ಹೇಗೆ ಮಾಡುತ್ತಾರೆಂದು ಯಾರಿಗೂ ತಿಳಿಯದು, ಆಸಿಡ್ ಘಾಟು ಮಾತ್ರ ಹೊರಗೆ ಬರುತ್ತಿತ್ತು. ಕೆಲಸಕ್ಕೆ ಕೂತರೆ ಬಾಗಿಲಿಗೆ ಅಗುಳಿ, ಕಿಟಕಿಗೆ ಗೋಣಿಚೀಲ. ಹಿಂದೆ ಬಿ.ಜಿ. ಕೆರೆಯಲ್ಲಿದ್ದಾಗ ನಂಬಿ ಕೆಲಸ ಕಲಿಸಿದವನೇ ಎದುರಿಗೆ ಅಂಗಡಿ ಹಾಕಿ ಗಿರಾಕಿಗಳನ್ನೆಲ್ಲ ಸೆಳೆದುಕೊಂಡನಂತೆ. ಅಂದಿನಿಂದ ತಾತ ಯಾರನ್ನೂ ನಂಬುತ್ತಿರಲಿಲ್ಲ.

ನಾವು ಮಾತ್ರ ಅವರನ್ನು ನಂಬಿದ್ದೆವಾ? "ಈ ಮುದುಕ ನಮ್ಮ ಒಳ್ಳೇ ಅರ ಇಟ್ಕಂಡು ಯಾವ್ದೋ ಹಳೇದು ಕೊಡ್ತಾನೆ ಕಣೇ," ಎಂದು ನನ್ನ ಗಂಡ ಹಿಡಿಯೊಳಗೆ ಹೋಗುವ ತುದಿಗೆ ಒಂದು ಗುರುತು ಹಾಕಿ ಕೊಟ್ಟರು. ಅದೇ ಅರ ಚೂಪಾಗಿ ಬಂತು, ಗುರುತೂ ಹಾಗೇ ಇತ್ತು. ಆದರೆ ತಾತನ ಕಣ್ಣಿಗೂ ಅದು ಬಿದ್ದಿತ್ತು.

"ಏನಮ್ಮಾ, ನಿಮ್ಮ ಅರ ತಗಂಡು ನಾನೇನ್ ಗುಡಿ ಕಟ್ಟಿಸ್ಲಾ?" ಎಂದು ಗೋಡೆಯಾಚೆಯಿಂದಲೇ ನನ್ನನ್ನು ಕೇಳಿದರು.

ಆಮೇಲೆ ಎರಡೂ ಮನೆಗೆ ಮಾತು ನಿಂತಿತು...

ಒಂದು ಬೇಸಿಗೆಯ ಮಧ್ಯಾಹ್ನ. ಗಂಡ ಬಾಗಿಲು ಕೂರಿಸಲು ಸಿದ್ದಾಪುರಕ್ಕೆ ಹೋಗಿದ್ದರು. ಪಕ್ಕದ ಮನೆಯಲ್ಲಿ ತಾತನ ಕೆಮ್ಮು ಜೋರಾಯಿತು, ಏನೋ ಬಿದ್ದ ಸದ್ದಾಯಿತು, ಕೆಮ್ಮು ಒಮ್ಮೆಲೇ ನಿಂತಿತು. "ತಾತಾ, ಬಾಗ್ಲು ತೆಗೀರಿ!" ಎಂದು ಬಡಿದೆ. ಹಿತ್ತಲಿನ ತಗಡಿನ ಬಾಗಿಲಿಗೆ ಭುಜ ಕೊಟ್ಟು ನೂಕಿದಾಗ ಅಗುಳಿ ಕಿತ್ತು ಬಂತು. ಒಳಗೆ ಕಣ್ಣು ಬಿಡಲಾಗದಷ್ಟು ಘಾಟು. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಆಸಿಡ್ ತೊಟ್ಟಿಯ ಪಕ್ಕ ಬಿದ್ದಿದ್ದ ತಾತನನ್ನು ಅಂಗಳಕ್ಕೆ ಎಳೆದು ತಂದು ಮುಖಕ್ಕೆ ನೀರು ಹಾಕಿದೆ.

ಕಣ್ಣು ಬಿಟ್ಟವರು ನನ್ನನ್ನು ನೋಡಲಿಲ್ಲ. ನನ್ನ ಹಿಂದೆ ತೆರೆದು ಬಿದ್ದಿದ್ದ ಬಾಗಿಲನ್ನು ನೋಡಿದರು.

"ಒಳಗೆ ಯಾರ್ ಹೋಗಿದ್ರು?"

"ನಾನೇ ತಾತ."

"ಏನ್ ನೋಡ್ದೆ?"

"ನಿಮ್ಮನ್ನ ನೋಡ್ದೆ. ಇನ್ನೇನ್ ನೋಡ್ಲಿ?"

ತಾತ ನಂಬಲಿಲ್ಲ. ಆಸ್ಪತ್ರೆಯಿಂದ ನೇರ ಮೊಳಕಾಲ್ಮೂರಿಗೆ, ಮಗಳ ಮನೆಗೆ ಹೋದರು. ಸಾಮಾನು ಒಯ್ಯಲು ಬಂದ ಅಳಿಯ ತೊಟ್ಟಿಗೂ ಗೋಣಿ ಸುತ್ತಿ, ನನ್ನತ್ತ ಓರೆಗಣ್ಣಿಟ್ಟುಕೊಂಡೇ ಆಟೋಗೆ ಹಾಕಿದ. ಎದೆ ಕೆಟ್ಟಿದ್ದರಿಂದ ತಾತ ಮತ್ತೆ ಕೆಲಸ ಮುಟ್ಟಲಿಲ್ಲವಂತೆ. ಕೆಲವು ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು.

ಈಚೆಗೆ ಚಳ್ಳಕೆರೆ ಬಸ್ ನಿಲ್ದಾಣದಲ್ಲಿ ಆ ಮಗಳು ಸಿಕ್ಕಿದ್ದಳು. ಅದೂ ಇದೂ ಮಾತಾಡಿ, ಬಸ್ಸು ಬಂದಾಗ ದನಿ ತಗ್ಗಿಸಿದಳು.

"ಅಕ್ಕಾ, ಬ್ಯಾಸರ ಮಾಡ್ಕಬ್ಯಾಡ್ರಿ. ನಮ್ಮಪ್ಪನ ಕೆಲ್ಸ ಅವತ್ತು ನೀವು ನೋಡಿ ಕಲ್ತ್ಕಂಡ್ರಂತೆ, ಹೌದಾ? ಅಪ್ಪ ಸಾಯೋವರ್ಗೂ ಅದನ್ನೇ ಹೇಳ್ತಿತ್ತು."

"ಇಲ್ಲಮ್ಮಾ. ನಿಮಗಾದ್ರೂ ಹೇಳ್ಕೊಟ್ಟಿದ್ರಾ?"

"ನಮಗೆಲ್ಲಿ..." ಎಂದು ಬಸ್ಸು ಹತ್ತಿದಳು. ಕಿಟಕಿಯಿಂದ ನನ್ನನ್ನೇ ನೋಡುತ್ತಿದ್ದಳು, ನಂಬದವಳ ಹಾಗೆ.

ತಾತನ ಜೊತೆಗೇ ಆ ಕೆಲಸವೂ ಹೋಯಿತು. ಸವೆದ ಅರಗಳನ್ನು ನನ್ನ ಗಂಡ ಈಗ ಗುಜರಿಗೆ ಹಾಕುತ್ತಾರೆ.