ಮ್ಯಾಚಿಂಗ್ ಆಗದ ಕೆಂಪು

"ಮ್ಯಾಚಿಂಗ್ ಸೆಂಟರ್ ಆ ಓಣ್ಯಾಗ ಐತ್ರಿ ಅಕ್ಕಾರ, ಇಲ್ಲಿ ಬ್ಲೌಸ್ ಪೀಸ್ ಸಿಗೂದಿಲ್ಲ."

ಸಿಂದಗಿಯ ಸ್ಟೇಷನರಿ ಅಂಗಡಿಯಲ್ಲಿ ಅವ್ವನ ಇಳಕಲ್ ಸೀರೆಯ ತುಂಡನ್ನು ಬಣ್ಣದ ಬಾಟಲಿಗಳ ಪಕ್ಕ ಹಿಡಿದು ನೋಡುತ್ತಿದ್ದ ನನಗೆ ಗಲ್ಲಾದ ಮೇಲಿದ್ದ ಹೆಂಗಸು ಹಾಗೆಂದಾಗ ನಗು ಬಂತು. ಚಿತ್ರ ಬರೆಯಲು ಬಣ್ಣ ಬೇಕೆಂದೆ. ದಿನಚರಿಯಂತೆ ಚಿತ್ರ ಬರೆದಿಡುವ ಆರ್ಟ್ ಜರ್ನಲ್ ಶುರುಮಾಡಲು ದಪ್ಪ ಹಾಳೆಯ ಪುಸ್ತಕ, ಕುಂಚ ಆಗಲೇ ಆರಿಸಿಟ್ಟಿದ್ದೆ. ಮೊದಲ ಪುಟಕ್ಕೆ ಮಾತ್ರ ಅವ್ವ ಬಾಗಿಲಲ್ಲಿ ನಿಂತರೆ ದೂರದಿಂದಲೇ ಕಾಣುತ್ತಿದ್ದ ಆ ದಾಳಿಂಬೆ ಕೆಂಪೇ ಬೇಕಿತ್ತು. ಒಂದು ಬಾಟಲಿಯದು ಇಟ್ಟಿಗೆಯಂತೆ, ಇನ್ನೊಂದರದು ಲಿಪ್‌ಸ್ಟಿಕ್ಕಿನಂತೆ. ಯಾವುದೂ ಹೊಂದಲಿಲ್ಲ.

ಆಕೆ ತುಂಡನ್ನು ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದರು. "ಯಾರದ್ರಿ ಸೀರಿ?"

"ನಮ್ಮವ್ವಂದ್ರಿ."

"ಹಂಗಾರ ತುಂಡು ಹಿಡಕೊಂಡು ಯಾಕ ಅಡ್ಡಾಡ್ತೀರಿ? ಅವ್ವಾರನ್ನ ಕರಕೊಂಡು ಬರ್ರಿ. ಮೈಮ್ಯಾಲ ಇದ್ರನ ಸೀರಿ ಬಣ್ಣ ಖರೇ ತಿಳೀತೈತಿ."

ಅವ್ವ ತೀರಿಕೊಂಡು ವರ್ಷವಾಗಿತ್ತು. "ಹೂಂ ರೀ, ಕರಕೊಂಡು ಬರ್ತೇನಿ" ಎಂದುಬಿಟ್ಟೆ.

ಬಣ್ಣ ಕೊಳ್ಳದೆ ಬಸ್ಸು ಹತ್ತಿದೆ. ಊರು ಬರುವವರೆಗೂ, ಮನೆಗೆ ಹೋದ ಕೂಡಲೇ ಅವ್ವನಿಗೆ "ನಾಳಿ ಆ ಕೆಂಪು ಸೀರಿ ಉಟ್ಕೋ, ಸಿಂದಗಿಗೆ ಹೋಗೂದೈತಿ" ಎಂದು ಹೇಳುವುದಿದೆ ಎಂಬಂತೆಯೇ ಕೂತಿದ್ದೆ.