ಅಪ್ರದಕ್ಷಿಣ ಸುತ್ತುವ ರೆಕ್ಕೆ

ಪೆಟ್ಟಿಗೆಯ ಬಣ್ಣ ಹಳದಿ ಎಂದು ಬರೆದು ಹೊಡೆದುಹಾಕಿದ್ದೇನೆ. ಹಳದಿ ಎಂಬುದು ನೆನಪು ಆಮೇಲೆ ಹಚ್ಚಿದ್ದಿರಬಹುದು. ಖಚಿತವಾಗಿರುವುದು ಇಷ್ಟು: ಐವತ್ತರ ದಶಕದ ನಡುವಿನ ಒಂದು ವರ್ಷ, ಮಾಟುಂಗದಲ್ಲಿ ಚಿಕ್ಕಮ್ಮನ ಮನೆ, ಪೆಟ್ಟಿಗೆಯೊಳಗೆ ಸೈನ್ಯದ ಹೆಲಿಕಾಪ್ಟರೊಂದರ ಪುಟ್ಟ ಮಾದರಿಯ ಬಿಡಿಭಾಗಗಳು.

ತಂದವನು ಚಿಕ್ಕಮ್ಮನ ಮಗ. ನನಗಿಂತ ಚಿಕ್ಕವನು, ವಾಯುಪಡೆಯಲ್ಲಿ ಮೆಕ್ಯಾನಿಕ್. ಸೇರುವಾಗ ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಚಿಕ್ಕಮ್ಮ ಎಷ್ಟೋ ಕಾಲ ಅವನೊಂದಿಗೆ ಮಾತು ಬಿಟ್ಟಿದ್ದಳು. ಈಗ ಹೊಸದಾಗಿ ಬಂದ ಹೆಲಿಕಾಪ್ಟರುಗಳ ಕೆಲಸಕ್ಕೆ ಬರುತ್ತೀಯಾ ಎಂದು ಮೇಲಿನವರು ಕೇಳಿದ್ದರು. ಹೋದರೆ ಅದರಲ್ಲಿ ಹಾರಲೂ ಬೇಕು. ಈ ಸಲ ಅಮ್ಮ ಹೂಂ ಅಂದರೆ ಮಾತ್ರ ಒಪ್ಪುವುದು ಎಂದು ಅವನು ತೀರ್ಮಾನಿಸಿದ್ದ. ರಜೆ ಮುಗಿಸಿ ಹೊರಡುವಾಗ ಪೆಟ್ಟಿಗೆಯನ್ನು ನನ್ನ ಕೈಗಿಟ್ಟ.

"ಅಣ್ಣ, ನಿಂಗೆ ಡ್ರಾಯಿಂಗ್ ಓದೋಕ್ಕೆ ಬರುತ್ತಲ್ಲ, ಇದನ್ನ ಕಟ್ಟಿ ಅಮ್ಮನಿಗೆ ತೋರ್ಸು. ಪಕ್ಕದಲ್ಲಿ ರೆಕ್ಕೆ ಇಲ್ಲದ್ದು ಹೆಂಗೋ ಹಾರುತ್ತೆ ಅಂತ ಒಂದೇ ಸಮ ಕೇಳ್ತಾಳೆ. ಮುಂದಿನ ತಿಂಗಳು ಈ ದಾರೀಲೇ ಹೋಗ್ತೀನಿ. ಆಗ ಕೇಳ್ತೀನಿ ಅವಳನ್ನ."

ನಾನು ಫೋರ್ಟ್ ಬಡಾವಣೆಯ ಆಫೀಸೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಊಟ, ವಾಸ ಎಲ್ಲ ಚಿಕ್ಕಮ್ಮನ ಮನೆಯಲ್ಲೇ.

ವಿದೇಶದ ಯಾವುದೋ ಸಣ್ಣ ಕಾರ್ಖಾನೆಯವರು ಕೆಲವೇ ಪೆಟ್ಟಿಗೆ ಮಾಡಿ ನಿಲ್ಲಿಸಿದ ಕಿಟ್ ಅದು. ಮುಚ್ಚಳದ ಒಳಗೆ ಹಾಗೆಂದು ಅಚ್ಚು ಹಾಕಿದ್ದರು: ಮತ್ತೆ ಮಾಡುವುದಿಲ್ಲ, ಬಿಡಿಭಾಗ ಸಿಗುವುದಿಲ್ಲ. ಹೀಗೆ ಸ್ವಲ್ಪವೇ ಮಾಡಿದ ವಸ್ತುವಿನ ಗುಣ ಬೇಗ ತಿಳಿಯಿತು. ಒಡಲಿನ ಎರಡು ಹೋಳುಗಳು ಹಗುರ ಮರದವು, ಒಂದಕ್ಕೊಂದು ಕೂರುತ್ತಿರಲಿಲ್ಲ. ಕಿಟಕಿಗೆ ಸೆಲ್ಯುಲಾಯ್ಡ್ ಹಾಳೆ ಇತ್ತು, ಎಲ್ಲಿ ಕತ್ತರಿಸಬೇಕೆಂಬ ಗೆರೆ ಇರಲಿಲ್ಲ. ಸೀಸದ ಚಕ್ರಗಳಲ್ಲಿ ಒಂದು ಉಳಿದವಕ್ಕಿಂತ ದಪ್ಪ. ಭಾನುವಾರಗಳಲ್ಲಿ ಅಡುಗೆಮನೆಯ ಪಕ್ಕದ ಕಿಟಕಿಯ ಬಳಿ ಕೂತು ಉಜ್ಜುವುದು, ಮರದ ಪುಡಿಗೆ ಅಂಟು ಕಲಸಿ ಸಂದಿಗೆ ತುಂಬುವುದು, ಒಣಗಿದ ಮೇಲೆ ಮತ್ತೆ ಉಜ್ಜುವುದು. ಬೈಕುಲ್ಲಾದ ಒಂದು ವರ್ಕ್‌ಶಾಪಿನಿಂದ ಮೆರುಗೆಣ್ಣೆ ತಂದೆ. ಡಬ್ಬಿ ತೆರೆದರೆ ಕಳಿತ ಬಾಳೆಹಣ್ಣಿನ ವಾಸನೆ. ಚಿಕ್ಕಮ್ಮ ಕಪಾಟಿನಲ್ಲೆಲ್ಲ ಕೈಯಾಡಿಸಿ ಕೊಳೆತ ಹಣ್ಣು ಹುಡುಕಿದಳು.

ಹೊಟ್ಟೆ ದಪ್ಪ, ಬಾಲ ಸಣಕಲು. ಒಡಲು ಆಕಾರಕ್ಕೆ ಬಂದ ದಿನ ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದರು. "ಇದು ಹೆಲಿಕಾಪ್ಟರಲ್ಲ ಕಣೋ, ನಮ್ಮ ಹೆಡ್ ಕ್ಲರ್ಕು. ಟೋಪಿ ಒಂದು ಬಾಕಿ."

ಉಳಿದದ್ದು ಮೇಲೆ ಸುತ್ತುವ ರೆಕ್ಕೆಗಳು. ಮೂರು ಚಪ್ಪಟೆ ಪಟ್ಟಿಗಳು. ಪ್ರತಿಯೊಂದರ ಒಂದು ಅಂಚನ್ನು ದುಂಡಗೆ, ಇನ್ನೊಂದನ್ನು ತೆಳ್ಳಗೆ ಉಜ್ಜಬೇಕು. ದುಂಡನೆಯ ಅಂಚು ಮುಂದಾಗಿ ಗಾಳಿಯನ್ನು ಸೀಳುತ್ತದೆ. ಹಾಗಾಗಿ ಯಾವ ಅಂಚನ್ನು ದುಂಡಗೆ ಮಾಡಿದೆ ಎಂಬುದರಲ್ಲೇ ಅದು ಯಾವ ಕಡೆ ಸುತ್ತುತ್ತದೆ ಎಂಬುದೂ ಸೇರಿದೆ. ತಪ್ಪಿದರೆ ಬೇರೆ ಪಟ್ಟಿ ಇಲ್ಲ. ನಕ್ಷೆಯಲ್ಲಿ, ಮೇಲಿನಿಂದ ನೋಡಿದಂತೆ ಬರೆದ ಚಿತ್ರದ ಮೇಲೆ, ಸುತ್ತುವ ದಿಕ್ಕಿಗೆ ಒಂದು ಬಾಣ ಹಾಕಿದ್ದರು.

ಕಾಫಿ ತಂದ ಚಿಕ್ಕಮ್ಮ ಬಾಣದ ಮೇಲೆ ಬೆರಳಿಟ್ಟು ಅದು ಹೋದ ಕಡೆಗೆ ಎಳೆದಳು. ಬೆರಳು ಅರ್ಧಕ್ಕೇ ನಿಂತಿತು.

"ಇದು ಅಪ್ರದಕ್ಷಿಣ."

ದೇವರಿಗೆ ಬಲಕ್ಕೆ ಸುತ್ತುತ್ತೇವೆ. ಎಡಕ್ಕೆ ಸುತ್ತುವುದು ಸತ್ತವರ ಕರ್ಮದಲ್ಲಿ. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ.

"ಮಿಷನ್ನಿಗೆ ಅದೆಲ್ಲ ಇಲ್ಲ ಚಿಕ್ಕಮ್ಮ."

"ಮಿಷನ್ನಿಗೆ ಇಲ್ಲದಿರಬಹುದು. ಒಳಗೆ ಕೂರೋನು ನನ್ನ ಮಗ. ದಿನಾ ಅವನ ತಲೆ ಮೇಲೆ ಎಡಕ್ಕೆ ಸುತ್ತಬೇಕಾ? ನೀನು ಬಲಕ್ಕೆ ಹೋಗೋ ಹಾಗೆ ಉಜ್ಜು."

"ಹಾಗೆ ಉಜ್ಜಿದ್ರೆ ಹಾರೋದಿಲ್ಲ."

"ಮರದ್ದು ಹೇಗಿದ್ರೂ ಹಾರೋದಿಲ್ಲ. ಉಜ್ಜು."

ಪೇಪರಿನ ಹಿಂದಿನಿಂದ ಚಿಕ್ಕಪ್ಪ ಹೇಳಿದರು: "ವಾಯುಪಡೆಗೆ ಒಂದು ಕಾರ್ಡು ಹಾಕೇ. ಎಲ್ಲಾನೂ ಬಲಕ್ಕೆ ತಿರುಗಿಸ್ರಪ್ಪಾ ಅಂತ."

"ನೀವು ಸುಮ್ನಿರಿ. ನಿಮ್ಮ ತಲೆ ಮೇಲೆ ಸುತ್ತೋದು ಬರೀ ಫ್ಯಾನು."

ಬಲಕ್ಕೆ ಉಜ್ಜಬಹುದಿತ್ತು. ಅವಳು ಹೂಂ ಅಂದುಬಿಡುತ್ತಿದ್ದಳೇನೋ. ಆದರೆ ಆ ಹೂಂ ಅವನು ಹತ್ತಬೇಕಾದ ಹೆಲಿಕಾಪ್ಟರಿಗೆ ಸಲ್ಲುತ್ತಿರಲಿಲ್ಲ. ಪಟ್ಟಿಗಳನ್ನು ಉಜ್ಜದೆ ಹಾಗೇ ಬಿಟ್ಟೆ. ಅವಳೂ ಮತ್ತೆ ಆ ಮಾತು ಎತ್ತಲಿಲ್ಲ. ಮಗನ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು.

ಅವನು ಬರುವ ವಾರ ಹತ್ತಿರವಾಯಿತು. ಹೊಟ್ಟೆಯ ಕೆಳಭಾಗಕ್ಕೆ ಮೆರುಗೆಣ್ಣೆ ಬಳಿಯಲೆಂದು ಮಾದರಿಯನ್ನು ಸೂರಿನ ತೊಟ್ಟಿಲ ಕೊಕ್ಕೆಗೆ ದಾರದಲ್ಲಿ ತೂಗುಹಾಕಿದೆ. ಅಳತೆ ನೋಡಲು ಉಜ್ಜದ ಪಟ್ಟಿಗಳನ್ನೇ ಗುಂಡುಸೂಜಿಯಿಂದ ಸಿಕ್ಕಿಸಿದ್ದೆ. ಇಲ್ಲಿಂದ ಮುಂದೆ ನೆನಪು ತೀರ ಅಚ್ಚುಕಟ್ಟಾಗಿದೆ. ಅದಕ್ಕೇ ನನಗೆ ಅನುಮಾನ. ಚಿಕ್ಕಮ್ಮ ಊಟವಾದ ಮೇಲೆ ಕೆಳಗೆ ಚಾಪೆಯಲ್ಲಿ ಮಲಗಿದ್ದಳು ಎನ್ನುತ್ತೇನೆ. ಗೋಡೆಗೊರಗಿ ಕೂತಿದ್ದಳು ಎಂದು ಚಿಕ್ಕಪ್ಪ. ನಡೆದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಜಗಳವಿಲ್ಲ.

"ಬಾಣ ಹೇಳಿದ ಕಡೆಗೇ ಒಂದ್ಸಲ ತಿರುಗಿಸು, ನೋಡೋಣ," ಎಂದಳು ಚಿಕ್ಕಮ್ಮ.

ಸ್ಟೂಲಿನ ಮೇಲೆ ನಿಂತಿದ್ದ ನಾನು ಬೆರಳಿನಿಂದ ತಳ್ಳಿದೆ. ಕೆಳಗೆ ಅವಳ ತೋರುಬೆರಳೂ ಗಾಳಿಯಲ್ಲಿ ಅದರ ಜೊತೆ ಸುತ್ತಿತು.

"ಲೋ, ಬಲಕ್ಕೇ ಹೋಗ್ತಿದೆಯಲ್ಲೋ! ತಪ್ಪು ತಿರುಗಿಸಿದ್ಯಾ?"

"ಇಲ್ಲ, ಬಾಣದ ಕಡೆಗೇ. ಮೇಲಿಂದ ನೋಡಿದ್ರೆ ಎಡ, ಕೆಳಗಿಂದ ನೋಡಿದ್ರೆ ಬಲ."

"ಅವನು ಕೂರೋದು ಇದರ ಕೆಳಗೋ, ಮೇಲೋ?"

"ಕೆಳಗೆ."

ಅವಳು ಇನ್ನೊಮ್ಮೆ ತಿರುಗಿಸಲು ಹೇಳಿದಳು. ತಿರುಗಿಸಿದೆ.

"ನಾನು ನೋಡೋದೂ ಕೆಳಗಿಂದಲೇ."

ಚಿಕ್ಕಪ್ಪ ಬಿಡಲಿಲ್ಲ. "ಹಾಗಾದ್ರೆ ಮೇಲಿರೋ ಭಗವಂತನಿಗೆ ಮಾತ್ರ ಅಪ್ರದಕ್ಷಿಣ."

"ಅವನ ಹತ್ರ ನಾನು ಮಾತಾಡ್ಕೋತೀನಿ."

ಆ ಸಂಜೆಯೇ, ಬಾಣದಂತೆ, ರೆಕ್ಕೆಗಳನ್ನು ಉಜ್ಜಿದೆ. ಒಂದರ ತುದಿ ಮುರಿಯಿತು. ಉಳಿದೆರಡನ್ನೂ ಅಷ್ಟೇ ಮೊಟಕು ಮಾಡಿದೆ.

ಮಗ ಬಂದ. ಮಾದರಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ರೆಕ್ಕೆ ಗಿಡ್ಡ ಆಯ್ತಲ್ಲೋ ಅಣ್ಣ," ಎಂದ. ರಾತ್ರಿ ರೈಲಿಗೆ ಹೊರಡಬೇಕಿತ್ತು. ಊಟಕ್ಕೆ ಕೂತಾಗ ತಲೆ ತಗ್ಗಿಸಿಕೊಂಡೇ ಕೇಳಿದ.

"ಏನಮ್ಮಾ, ಒಪ್ಕೊಳ್ಳಲಾ?"

ಚಿಕ್ಕಮ್ಮ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

"ಅದರ ರೆಕ್ಕೆ ಪೂರ್ತಿ ನಿಂತ ಮೇಲೆ ಇಳಿ. ಲೋಕಲ್ ರೈಲು ಓಡ್ತಿರುವಾಗ್ಲೇ ಧುಮುಕ್ತೀಯಲ್ಲ, ಹಾಗೆ ಇಳೀಬೇಡ."

ಅವನು ಕಾದ. ಹೂಂ ಎಂಬ ಮಾತು ಬರಲಿಲ್ಲ.

"ನಿಂತ ಮೇಲೇ ಇಳೀತೀನಿ," ಎಂದ.

ಅವಳು ಸಾರು ಬಡಿಸಿದಳು.